ಕಿಟಕಿಗೊಂದು ಮಡಿಕೆಯ ಪರದೆ

ಪಡುವಣ ಕಿಟಕಿಯಿಂದ ನುಗ್ಗುವ ಇಳಿಬಿಸಿಲನ್ನು ತಡೆಯಲು ಪರದೆ ಬೇಕೇ ಬೇಕು. ಆದರೆ ನೆರಿಗೆಯ ಪರದೆಗೆ ಕಿಟಕಿಯ ಅಗಲದ ಸುಮಾರು ಎರಡರಷ್ಟು ಬಟ್ಟೆ ಹಿಡಿಯುತ್ತದೆ. ರೋಮನ್ ಬ್ಲೈಂಡ್ ಎಂಬ ಮಡಿಕೆಯ ಪರದೆಗಾದರೋ ಹೆಚ್ಚುಕಡಿಮೆ ಕಿಟಕಿಯ ಅಳತೆಯ ಬಟ್ಟೆಯೇ ಸಾಕು. ಹುರಿಯನ್ನೆಳೆದರೆ ಅದು ಪದರಪದರವಾಗಿ ಮಡಿಸಿಕೊಂಡು ಮೇಲೇರುತ್ತದೆ. ಹೊಲಿಗೆಯಂತ್ರವುಳ್ಳ ಮನೆಯಲ್ಲಿ ಇದನ್ನು ಸುಲಭವಾಗಿ ಸಿದ್ಧಪಡಿಸಬಹುದು.

ಮೊದಲನೆಯದು ಅಳತೆ. ಪರದೆ ಚೌಕಟ್ಟಿನೊಳಗೆ ಕೂರಬೇಕಾದರೆ, ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಎಲ್ಲಕ್ಕಿಂತ ಕಡಿಮೆ ಬಂದುದರಲ್ಲಿ ಅರ್ಧ ಅಂಗುಲ ಕಳೆಯತಕ್ಕದ್ದು. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವುದಾದರೆ, ಮಡಿಸಿದ ಪರದೆ ಅದಕ್ಕೆ ತಾಗದಷ್ಟು ಎತ್ತರದಲ್ಲಿ ಗೋಡೆಗೆ ಕೂರಿಸುವುದು ಲೇಸು.

ಗಟ್ಟಿ ಹತ್ತಿಬಟ್ಟೆ ಉತ್ತಮ. ತೊಳೆದರೆ ಅದು ಕುಗ್ಗುವುದರಿಂದ, ಕತ್ತರಿಸುವ ಮುನ್ನವೇ ಒಮ್ಮೆ ಒಗೆದು ಇಸ್ತ್ರಿ ಮಾಡಬೇಕು. ಬಿಸಿಲಿಗೆ ಬಣ್ಣ ಮಾಸದಂತೆ ಹಿಂಬದಿಗೆ ಲೈನಿಂಗ್ ಕೊಡುವುದು ಅಗತ್ಯ. ಅಂಚು ಮಡಿಸಲು ಅಗಲಕ್ಕೆ 3 ಅಂಗುಲ, ಉದ್ದಕ್ಕೆ 5 ಅಂಗುಲ ಹೆಚ್ಚಿಗೆ ಇಟ್ಟುಕೊಂಡರೆ ಸಾಕು.

ಕುಶಲತೆಯಿರುವುದು ಮಡಿಕೆಗಳ ಲೆಕ್ಕದಲ್ಲಿ. ಸಿದ್ಧ ಪರದೆಯ ಉದ್ದ 47 ಅಂಗುಲವೆನ್ನೋಣ. ಕೆಳಅಂಚಿನಿಂದ 5, 15, 25, 35 ಅಂಗುಲಗಳಲ್ಲಿ ನಾಲ್ಕು ಕಡ್ಡಿಗಳು ಬರಬೇಕು. ಕೆಳಗಿನ ಭಾಗ ಉಳಿದವುಗಳ ಅರ್ಧದಷ್ಟಿದ್ದರೆ, ಮೇಲೆತ್ತಿದಾಗ ಅಂಚುಗಳೆಲ್ಲ ಸಮನಾಗಿ ನಿಲ್ಲುತ್ತವೆ. ಕಡ್ಡಿ ತೂರಿಸುವ ಪ್ರತಿಯೊಂದು ಮಡಿಕೆಗೂ ಲೈನಿಂಗಿನಲ್ಲಿ ಎರಡೂವರೆ ಅಂಗುಲ ಹೆಚ್ಚುವರಿ ಬೇಕು. ಒಂದೊಂದು ಕಡ್ಡಿಯ ಸಾಲಿಗೂ ಎರಡು ಪಕ್ಕ, ನಡುವೆ ಒಂದರಂತೆ ಮೂರು ಪುಟ್ಟ ಬಳೆಗಳನ್ನು ಹೊಲಿಯಬೇಕು.

ಪರದೆಯ ಮೇಲಂಚನ್ನು 2 ಅಂಗುಲ ಅಗಲದ ಮರದ ರೀಪಿಗೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದರೆ, ಒಗೆಯಲು ಬಿಚ್ಚುವುದು ಸುಲಭ. ಕೆಳಗಿನ ಬಳೆಗಳಿಗೆ ಕಟ್ಟಿದ ಮೂರು ಹುರಿಗಳು ಮೇಲಿನ ಬಳೆಗಳ ಮೂಲಕ ಸಾಗಿ, ರೀಪಿನ ಅಡಿಯಲ್ಲಿ ತಿರುಗಿಸಿದ ಉಂಗುರದ ಸ್ಕ್ರೂಗಳಲ್ಲಿ ನುಸುಳಿ, ಒಂದೇ ಪಕ್ಕದಲ್ಲಿ ಇಳಿಯುತ್ತವೆ.

ಅಂದಕ್ಕಿಂತಲೂ ಮುಖ್ಯವಾದ ಎಚ್ಚರಿಕೆ ಈ ಹುರಿಗಳದ್ದೇ. ಜೋಲುವ ಹುರಿ ಕೊರಳಿಗೆ ಸುತ್ತಿಕೊಂಡು ಅನೇಕ ದೇಶಗಳಲ್ಲಿ ಎಳೆಯ ಮಕ್ಕಳು ಸತ್ತಿದ್ದಾರೆ. ಅದಕ್ಕೆಂದೇ ಬ್ರಿಟನ್ನಿನಲ್ಲಿ 2014ರಲ್ಲಿ ನಿಯಮಗಳು ಬಿಗಿಯಾದವು. ಹುರಿ ಸುತ್ತುವ ಕೊಕ್ಕೆಯನ್ನು ನೆಲದಿಂದ ಕನಿಷ್ಠ ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ ಎತ್ತರದಲ್ಲಿ ಬಿಗಿದು, ಪ್ರತಿಸಲವೂ ಹುರಿಯನ್ನು ಅದಕ್ಕೆ ಪೂರ್ತಿ ಸುತ್ತಿಡಬೇಕು. ತೊಟ್ಟಿಲು, ಮಂಚ, ಕುರ್ಚಿಗಳು ಕಿಟಕಿಯ ಬಳಿ ಇರಕೂಡದು. ಕೂಸು ಮಲಗುವ ಕೋಣೆಗಂತೂ ಹುರಿಯೇ ಇಲ್ಲದ ಪರದೆಯನ್ನು ಹಾಕುವುದೇ ಕ್ಷೇಮ.