ಹಬ್ಬದ ಚಾಕೊಲೇಟು ಮತ್ತು ಬೆಳೆದವರ ಪಾಲು



ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ನಿಂತ ಮಕ್ಕಳಿಗೆ ಕೇಕಿನ ಜೊತೆ ಚಾಕೊಲೇಟು ಹಂಚುವುದುಂಟು. "ಇದು ಎಲ್ಲಿ ಬೆಳೆಯುತ್ತದೆ?" ಎಂದು ಮಗುವೊಂದು ಕೇಳಿದರೆ ನಾವು ಅಂಗಡಿಯ ಕಡೆ ಕೈ ತೋರಿಸುತ್ತೇವೆ. ನಿಜವಾದ ಉತ್ತರ ತೋಟದಲ್ಲಿದೆ.

ಕೋಕೋ ಅಮೆಜಾನ್ ಕಾಡಿನ ಮರ, ನೆರಳು ಬಯಸುತ್ತದೆ. ಆದ್ದರಿಂದ ನಮ್ಮಲ್ಲಿ ಅಡಿಕೆ, ತೆಂಗಿನ ನಡುವೆ ಅದನ್ನು ಬೆಳೆಯುತ್ತಾರೆ. ಹಲಸಿನಂತೆ ಕಾಯಿ ಕಾಂಡಕ್ಕೇ ಬಿಡುತ್ತದೆ. ಒಡೆದರೆ ಬಿಳಿ ಲೋಳೆ ಸುತ್ತಿದ ಬೀಜಗಳು. ಅವನ್ನು ಐದಾರು ದಿನ ಹುದುಗಿಸಿ, ಬಿಸಿಲಲ್ಲಿ ಒಣಗಿಸಬೇಕು. ಹುದುಗದಿದ್ದರೆ ಚಾಕೊಲೇಟಿನ ರುಚಿಯಿಲ್ಲ. ಸುಮಾರು ಮೂರು ಕಿಲೋ ಹಸಿ ಬೀಜ ಒಣಗಿದರೆ ಒಂದು ಕಿಲೋ ಆಗುತ್ತದೆ.

ರೈತನ ಕಷ್ಟವೂ ಇಲ್ಲಿಯೇ ಇದೆ. ಹಸಿ ಬೀಜ ಕಾಯುವುದಿಲ್ಲ. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ. ಕೊಳ್ಳುವವನು ಹೇಳಿದ್ದೇ ಬೆಲೆ. 1970ರ ದಶಕದಲ್ಲಿ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ಬೆಳೆಗಾರರು ಆಸೆಯಿಂದ ಕೋಕೋ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿದು, ಕೊಳ್ಳುವವರೇ ಇಲ್ಲದಂತಾಯಿತು. ಆಗ ಅವರ ಕೈ ಹಿಡಿದದ್ದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಕೋಕೋ ಖರೀದಿಸಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಕಾರ್ಖಾನೆಯ ಒಡೆಯರಾದರು.

ಎಲ್ಲೆಡೆ ಹೀಗಿಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿನ ಕೋಕೋ ತೋಟಗಳಲ್ಲಿ ಸುಮಾರು 15 ಲಕ್ಷ ಬಾಲಕಾರ್ಮಿಕರಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ತಂದೆಗೆ ತಕ್ಕ ಬೆಲೆ ಸಿಗದಿದ್ದಾಗ ಮಗುವಿನ ಕೈಗೆ ಕತ್ತಿ ಬರುತ್ತದೆ. 2024ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಆದರೆ ಅಲ್ಲಿನ ರೈತರಿಗೆ ಸಿಕ್ಕಿದ್ದು ಸರ್ಕಾರ ನಿಗದಿ ಮಾಡಿದ, ಅದಕ್ಕಿಂತ ಬಹಳ ಕಡಿಮೆಯ ಬೆಲೆ.

ಈ ನೋವು ನಮಗೆ ಹೊಸದೇನಲ್ಲ. ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಬೆಳೆಯುವವರಿಗೆ ಸುಗ್ಗಿಯಲ್ಲೇ ಬೆಲೆ ಬೀಳುವ ಸಂಕಟ ಗೊತ್ತು. ಬೆಲೆ ಕೇಳುವಾಗ ನಾವು ರೈತರು. ಆದರೆ ಕೂಲಿ ಕೊಡುವಾಗ? ಕಾಯಿ ಕೀಳುವವರು, ಅಡಿಕೆ ಸುಲಿಯುವ ಹೆಂಗಸರು, ಈರುಳ್ಳಿ ಕೀಳಲು ಬರುವ ಆಳುಗಳು ನಮ್ಮ ಬಾಗಿಲಲ್ಲಿ ಕಾಯುತ್ತಿಲ್ಲವೇ? ತಡೆಹಿಡಿದ ಕೂಲಿಯ ಕೂಗು ದೇವರಿಗೆ ಮುಟ್ಟುತ್ತದೆಂದು ಯಕೋಬನ ಪತ್ರ ನಮ್ಮನ್ನು ಎಚ್ಚರಿಸುತ್ತದೆ. ಕಾರ್ಮಿಕನ ಸಂಸಾರ ನಡೆಯುವಷ್ಟು ಕೂಲಿ ನ್ಯಾಯದ ಮಾತು, ದಾನದ ಮಾತಲ್ಲ ಎಂಬುದನ್ನು ಪೋಪ್ 13ನೇ ಲಿಯೋ 1891ರಲ್ಲೇ ಸಾರಿದರು.

ಈ ಹಬ್ಬಕ್ಕೆ ಚಾಕೊಲೇಟು ಕೊಳ್ಳುವಾಗ ಅದರ ಹಿಂದೆ ಬೆಳೆಗಾರರ ಸಂಘವಿದೆಯೇ ಎಂದು ನೋಡೋಣ. ಅದಕ್ಕೂ ಮೊದಲು, ಗೋದಲಿ ಕಟ್ಟುವ ಮುನ್ನ, ನಮ್ಮ ಮನೆಯ ಕೂಲಿ ಬಾಕಿಯನ್ನು ತೀರಿಸೋಣ. ಆ ಮನೆಯ ಮಕ್ಕಳಿಗೂ ಹಬ್ಬವಿದೆ.