ತಂತಿಯ ಕೆಳಗಿನ ಕಿವಿ

ವೀಣೆಯ ತಂತಿಯನ್ನು ಮೀಟಿದಾಗ ನಮಗೆ ಕೇಳಿಸುವುದು ತಂತಿಯ ನಾದವಷ್ಟೇ ಅಲ್ಲ. ಕುದುರೆಯ ಮೂಲಕ ಆ ಕಂಪನವನ್ನು ಪಡೆದು ತಾನೂ ಕಂಪಿಸುವ ಮರದ ಕೊಡದ ನಾದ. ಕೊಡ ಒಡೆದರೆ ವೀಣೆಯ ಧ್ವನಿಯೇ ಉಡುಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಸಂಗತಿ ಹಾಗಲ್ಲ. ಅದರ ಒಡಲು ಸಾಮಾನ್ಯವಾಗಿ ಟೊಳ್ಳಿಲ್ಲದ ಒಂದು ಹಲಗೆ. ಆಂಪ್ಲಿಫೈಯರಿಗೆ ಜೋಡಿಸದೆ ನುಡಿಸಿದರೆ ಪಕ್ಕದ ಕೋಣೆಯವರಿಗೂ ಅದರ ದನಿ ಮುಟ್ಟುವುದು ಕಷ್ಟ. ತಂತಿಗಳ ಕೆಳಗೆ ಹಲಗೆಯಲ್ಲಿ ಹುದುಗಿ ಕುಳಿತಿರುವ ಪಿಕಪ್ ಎಂಬ ಸಣ್ಣ ಸಾಧನವೇ ಆ ವಾದ್ಯದ ಕಿವಿ. ಅದು ಕೇಳಿಸಿಕೊಂಡದ್ದನ್ನು ಮಾತ್ರ ನಾವು ಕೇಳುತ್ತೇವೆ.

ಕಾರ್ಖಾನೆಯಿಂದ ಬಂದ ಈ ಕಿವಿಯನ್ನು ಹಾಗೆಯೇ ಉಳಿಸಿಕೊಳ್ಳಬೇಕೆ, ಅಥವಾ ಕಿತ್ತು ಬೇರೊಂದನ್ನು ಕೂಡಿಸಬೇಕೆ ಎಂಬುದು ಗಿಟಾರ್ ನುಡಿಸುವವರಲ್ಲಿ ಬಹಳ ಕಾಲದಿಂದ ನಡೆದುಬಂದ ಚರ್ಚೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆಂದು ಕೇಳುಗರು ಆಶ್ಚರ್ಯಪಡಬಹುದು. ಗ್ರಂಥಸಂಪಾದನೆಯ ಕೆಲಸ ಮಾಡಿದವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಓಲೆಗರಿಯಲ್ಲಿ ಒಂದು ಪಾಠವಿದೆ. ಅದು ಅಷ್ಟು ಸೊಗಸಾಗಿ ತೋರುವುದಿಲ್ಲ. ಬೇರೊಂದು ಪದ ಹಾಕಿದರೆ ಪದ್ಯ ಚೆಂದವಾದೀತು ಎಂಬ ಆಸೆ ಹುಟ್ಟುತ್ತದೆ. ದೋಷವಿರುವುದು ಪಾಠದಲ್ಲೋ ಓದುತ್ತಿರುವ ನಮ್ಮಲ್ಲೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ.

ಮೊದಲು ಈ ಸಾಧನದ ಮರ್ಮವನ್ನು ನೋಡೋಣ. ಅಯಸ್ಕಾಂತದ ಸುತ್ತ ಕೂದಲಿಗೆ ಸಮನಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಸಿದ್ಧವಾಗುತ್ತದೆ. ಆ ತಾಮ್ರದ ಎಳೆಯ ದಪ್ಪ ಸುಮಾರು ೦.೦೬ ಮಿಲಿಮೀಟರ್; ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಒಂದು ಪಿಕಪ್ಪಿನಲ್ಲಿ ಸುಮಾರು ೮,೦೦೦ ಸುತ್ತುಗಳಿರುತ್ತವೆ. ಮೇಲಿರುವ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಕದಡುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ನೈಲಾನ್ ತಂತಿ ಕಟ್ಟಿದರೆ ಈ ಕಿವಿಗೆ ಏನೂ ಕೇಳಿಸದು. ಅದು ಆಲಿಸುವುದು ಗಾಳಿಯನ್ನಲ್ಲ, ಲೋಹದ ಚಲನೆಯನ್ನು.

ಇದು ಬಳಕೆಗೆ ಬಂದದ್ದು ೧೯೩೧ರಲ್ಲಿ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಬೋಶಾಂ ಎಂಬಾತ, ತೊಡೆಯ ಮೇಲಿಟ್ಟು ಜಾರುಪಟ್ಟಿಯಿಂದ ನುಡಿಸುವ ಹವಾಯಿ ಗಿಟಾರಿಗೆ ಇದನ್ನು ಅಳವಡಿಸಿದ. ಬಾಣಲೆಯಂತಿದ್ದ ಆ ವಾದ್ಯಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಾಯಿತು. ರಿಕನ್‌ಬ್ಯಾಕರ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಪೇಟೆಂಟ್ ದೊರೆತದ್ದು ೧೯೩೭ರಲ್ಲಿ. ಆದರೆ ಈ ಕಿವಿಗೆ ಒಂದು ಕಾಯಿಲೆ ಹುಟ್ಟಿನಿಂದಲೇ ಅಂಟಿಕೊಂಡಿತ್ತು. ಒಂದೇ ಸುರುಳಿಯ ಪಿಕಪ್ ತಂತಿಯ ನಾದದ ಜೊತೆಗೆ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಆ ಗುಂಯ್ ಅಮೆರಿಕದಲ್ಲಿ ಸೆಕೆಂಡಿಗೆ ೬೦ ಆವರ್ತನೆಗಳದ್ದಾದರೆ, ನಮ್ಮಲ್ಲಿ ೫೦ರದ್ದು.

ಇದಕ್ಕೆ ಮದ್ದು ಹುಡುಕಿದವನು ಗಿಬ್ಸನ್ ಸಂಸ್ಥೆಯ ಸೆತ್ ಲವರ್. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿರಿಸಿ, ಒಂದರ ಸುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧವಾಗಿಸಿದರೆ, ಹೊರಗಿನಿಂದ ಬಂದ ಗುಂಯ್ ಎರಡರಲ್ಲಿಯೂ ಎದುರುಬದುರಾಗಿ ನಿಂತು ಅಳಿದುಹೋಗುತ್ತದೆ. ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಗುಂಯ್ ಅಡಗಿಸುವ ಕಾರಣ ಇದಕ್ಕೆ ಹಂಬಕರ್ ಎಂದು ಹೆಸರು. ೧೯೫೫ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, ೧೯೫೭ರ ವೇಳೆಗೆ ಗಿಟಾರುಗಳಲ್ಲಿ ಕುಳಿತಿತು, ೧೯೫೯ರಲ್ಲಿ ಪೇಟೆಂಟ್ ದೊರೆಯಿತು. ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬರ್ಥದ ಚೀಟಿ ಅಂಟಿಸಿಕೊಂಡು ಹೊರಬಿದ್ದ ಆ ಕಾಲದ ಹಂಬಕರುಗಳಿಗೆ ಇಂದು ಒಂದು ಒಳ್ಳೆಯ ಹೊಸ ಗಿಟಾರಿಗಿಂತಲೂ ಹೆಚ್ಚಿನ ಬೆಲೆಯಿದೆ. ಅವುಗಳಲ್ಲಿ ಸುತ್ತುಗಳ ಸಂಖ್ಯೆ ಒಂದರಿಂದೊಂದಕ್ಕೆ ಬೇರೆ. ಒಂದರ ದನಿ ಇನ್ನೊಂದರಂತಿಲ್ಲ. ಅಂದಿನ ಕಾರ್ಖಾನೆಯ ಮಾಮೂಲಿ ಸರಕನ್ನು ಇಂದಿನ ಅನೇಕ ಕುಶಲಿಗಳು ಶ್ರದ್ಧೆಯಿಂದ ಅನುಕರಿಸಿ, ‘ಬದಲಿ ಪಿಕಪ್’ ಎಂದು ಮಾರುತ್ತಿದ್ದಾರೆ. ಮೂಲವೆಂಬುದು ಸದಾ ಕೀಳು, ಬದಲಿಯೆಂಬುದು ಸದಾ ಮೇಲು ಎಂಬ ಭಾವನೆ ನಿಲ್ಲುವಂತಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಬದಲಿ ಪಿಕಪ್ಪುಗಳ ವ್ಯಾಪಾರ ಬೆಳೆದದ್ದು ೧೯೭೦ರ ದಶಕದಲ್ಲಿ. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ ೧೯೭೨ರಲ್ಲಿ ‘ಸೂಪರ್ ಡಿಸ್ಟಾರ್ಷನ್’ ಎಂಬ ಬಿರುಸಾದ ಪಿಕಪ್ಪನ್ನು ತಂದ. ಕ್ಯಾಲಿಫೋರ್ನಿಯದಲ್ಲಿ ಸೀಮೋರ್ ಡಂಕನ್ ಸಂಸ್ಥೆ ೧೯೭೬ರಲ್ಲಿ ಆರಂಭವಾಯಿತು. ಇಂದು ಇವರ ಪಿಕಪ್ಪುಗಳನ್ನೇ ಕಾರ್ಖಾನೆಯಲ್ಲಿ ಕೂಡಿಸಿಕೊಂಡು ಬರುವ ಗಿಟಾರುಗಳೂ ಉಂಟು.

ಕೊಳ್ಳುವವರನ್ನು ಹಾದಿ ತಪ್ಪಿಸುವುದು ಬಹುಮಟ್ಟಿಗೆ ಒಂದು ಸಂಖ್ಯೆ. ಸುರುಳಿಯ ವಿದ್ಯುತ್ ನಿರೋಧವನ್ನು ಕಿಲೋ ಓಮ್‌ಗಳಲ್ಲಿ ಅಳೆದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಒಂಟಿ ಸುರುಳಿಯದು ಸುಮಾರು ೬, ಹಳೆಯ ಮಾದರಿಯ ಹಂಬಕರಿನದು ೭ರಿಂದ ೮, ಬಿರುಸಿನದು ೧೩ನ್ನೂ ದಾಟಬಹುದು. ಸಂಖ್ಯೆ ದೊಡ್ಡದಾದಷ್ಟೂ ಪಿಕಪ್ ಉತ್ತಮವೆಂದು ತಿಳಿಯುವವರು ಹಲವರು. ನಿಜವೇನೆಂದರೆ, ಒಂದೇ ಬಗೆಯ ಎಳೆಯನ್ನು ಹೆಚ್ಚು ಸುತ್ತಿದಾಗ ದನಿ ಜೋರಾಗುತ್ತದೆ, ಅದರೊಡನೆ ತಾರದ ಹೊಳಪು ತಗ್ಗುತ್ತದೆ, ಮಧ್ಯದ ಸ್ವರಗಳು ದಪ್ಪವಾಗುತ್ತವೆ. ಎಳೆಯ ದಪ್ಪ ಬೇರೆಯಾದರೆ ಸಂಖ್ಯೆಯ ಅರ್ಥವೂ ಬೇರೆಯಾಗುತ್ತದೆ. ಒಂದು ಕಾವ್ಯದ ಪದ್ಯಗಳ ಸಂಖ್ಯೆಯಿಂದ ಅದರ ಗುಣವನ್ನು ಹೇಳಲಾಗದಷ್ಟೇ ಇದೂ ಸತ್ಯ.

ನಮ್ಮ ಬೀದಿಯಲ್ಲಿ ಉದ್ಯೋಗಕ್ಕೆ ಸೇರಿ ವರ್ಷ ತುಂಬದ ತರುಣನೊಬ್ಬನಿದ್ದಾನೆ. ಅವನು ಪಿಕಪ್ಪುಗಳಿಗೆಂದು ಕೂಡಿಟ್ಟ ಹಣ ಗಿಟಾರಿನ ಬೆಲೆಯ ಅರ್ಧಕ್ಕೂ ಮಿಗಿಲಾಗಿತ್ತು. ಮನೆಯಲ್ಲಿ ತಂಗಿಯ ಕಾಲೇಜು ಶುಲ್ಕದ ಮಾತೂ ನಡೆದಿತ್ತು. ಇಂಥ ಕಡೆ ಸಲಹೆ ಕೊಡುವವನು ಹಗುರವಾಗಿ ಮಾತನಾಡಲಾಗದು. ‘ದನಿ ಮಬ್ಬಾಗಿದೆ, ಗುಂಯ್‌ಗುಡುತ್ತದೆ, ಬಿರುಸು ಸಾಲದು’ ಎಂಬ ಮೂರು ದೂರುಗಳನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ. ಮೂರಕ್ಕೂ ಕಾರಣ ಒಂದೇ ಆಗಿರಬೇಕಾಗಿಲ್ಲ. ಒಂದೊಂದನ್ನೇ ಬಿಡಿಸಿ ನೋಡೋಣವೆಂದೆ.

ಮಬ್ಬಿನ ದೂರಿಗೆ ಮೊದಲ ಮದ್ದು ಹೊಸ ತಂತಿಗಳು. ಬೆವರು ತಾಗಿ ತುಕ್ಕು ಹಿಡಿದ ತಂತಿಯಿಂದ ಯಾವ ಪಿಕಪ್ಪೂ ಹೊಳಪನ್ನು ಹೊರತೆಗೆಯಲಾರದು. ಎರಡನೆಯದು ಒಂದು ಸ್ಕ್ರೂಡ್ರೈವರ್. ಪಿಕಪ್ಪಿನ ಎರಡು ತುದಿಗಳ ತಿರುಪುಗಳನ್ನು ತಿರುಗಿಸಿ ಅದನ್ನು ತಂತಿಗೆ ಹತ್ತಿರವೋ ದೂರವೋ ಮಾಡಬಹುದು. ತಂತಿಯನ್ನು ಕೊನೆಯ ಮನೆಯಲ್ಲಿ ಒತ್ತಿ ಹಿಡಿದಾಗ ನಡುವಿನ ಅಂತರ ೨ ಮಿಲಿಮೀಟರಿನ ಆಸುಪಾಸಿನಲ್ಲಿರುವುದು ಆರಂಭಕ್ಕೆ ಒಳ್ಳೆಯದು. ತೀರ ಹತ್ತಿರವಾದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಶ್ರುತಿಯನ್ನು ನಡುಗಿಸುತ್ತದೆ. ದೂರವಾದರೆ ದನಿ ಸೊರಗುತ್ತದೆ. ಕಾಸು ಖರ್ಚಿಲ್ಲದ ಈ ಹೊಂದಾಣಿಕೆಯಿಂದ ಆಗುವ ವ್ಯತ್ಯಾಸವನ್ನು ಕೇಳಿ ತರುಣ ಬೆರಗಾದ. ಆಮೇಲೆ ದನಿಯ ಗುಬುಟುಗಳ ಬೆಲೆಯನ್ನೂ ಕೇಬಲ್ಲಿನ ಉದ್ದವನ್ನೂ ನೋಡಬೇಕು. ಒಂಟಿ ಸುರುಳಿಗೆ ೨೫೦, ಹಂಬಕರಿಗೆ ೫೦೦ ಕಿಲೋ ಓಮಿನ ಗುಬುಟುಗಳು ವಾಡಿಕೆ. ಉದ್ದನೆಯ ಕೇಬಲ್ ತಾರದ ಹೊಳಪನ್ನು ದಾರಿಯಲ್ಲೇ ನುಂಗುತ್ತದೆ.

ಗುಂಯ್‌ಗುಡುವುದಕ್ಕೆ ಪಿಕಪ್ ಮಾತ್ರವೇ ಹೊಣೆಯಲ್ಲ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳಬೇಕು. ಇದು ನಾದದ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ನುಡಿಸುವವನ ಬೆರಳು ಲೋಹದ ತಂತಿಯ ಮೇಲಿರುತ್ತದೆ. ಅರ್ಥಿಂಗ್ ಸರಿಪಡಿಸಿ, ಟ್ಯೂಬ್‌ಲೈಟನ್ನು ಆರಿಸಿದ ಮೇಲೂ ಉಳಿಯುವ ಗುಂಯ್ ಒಂಟಿ ಸುರುಳಿಯ ಸ್ವಭಾವ. ಅದನ್ನು ಸಹಿಸುವುದೋ ಬಿಡುವುದೋ ಕೇಳುವವನ ಇಚ್ಛೆ.

ಹಾಗಾದರೆ ಬದಲಿಸುವುದಕ್ಕೆ ನ್ಯಾಯವಾದ ಕಾರಣವೇ ಇಲ್ಲವೆ? ಧಾರಾಳವಾಗಿ ಉಂಟು. ಸುರುಳಿಯ ಎಳೆ ಒಳಗೆ ತುಂಡಾಗಿದ್ದರೆ, ಅಥವಾ ಸುರುಳಿ ಸಡಿಲವಾಗಿ ಆಂಪ್ಲಿಫೈಯರಿನ ಮುಂದೆ ಕಿರುಚುತ್ತಿದ್ದರೆ ದುರಸ್ತಿಯೋ ಬದಲಾವಣೆಯೋ ಬೇಕು. ಇಂಗ್ಲೆಂಡಿನ ಬ್ರಯನ್ ಮೇ ೧೯೬೩ರಲ್ಲಿ ತಂದೆಯೊಡನೆ ಗಿಟಾರ್ ಕಟ್ಟಲು ತೊಡಗಿದಾಗ ಪಿಕಪ್ಪುಗಳನ್ನೂ ಕೈಯಾರೆ ಮಾಡಿದ್ದರು. ತಂತಿಯನ್ನು ಎಳೆದು ಬಾಗಿಸಿದಾಗ ಬೇಡದ ಸದ್ದು ಬಂದಿತಾಗಿ ಅವನ್ನು ಬಿಟ್ಟು ಬರ್ನ್ಸ್ ಸಂಸ್ಥೆಯ ಪಿಕಪ್ಪುಗಳನ್ನು ಕೊಂಡು, ಕಿರುಚದಂತೆ ಅಂಟಿನಲ್ಲಿ ಅದ್ದಿ ಕೂಡಿಸಿಕೊಂಡರು. ಇನ್ನು ಬೇಕಾದ ನಾದವೇ ಬೇರೆಯಾಗಿದ್ದರೆ ಅದೂ ಸಮರ್ಥ ಕಾರಣ. ಅಮೆರಿಕದ ಎಡ್ಡಿ ವಾನ್ ಹೇಲನ್ ಸ್ಟ್ರಾಟೊಕ್ಯಾಸ್ಟರ್ ಆಕಾರದ ಒಡಲನ್ನು ಕೆತ್ತಿ ಅದರಲ್ಲಿ ಗಿಬ್ಸನ್ ಹಂಬಕರನ್ನು ಕೂಡಿಸಿದ. ೧೯೭೮ರಲ್ಲಿ ಹೊರಬಂದ ಅವನ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಆ ವಾದ್ಯದ ದನಿ ಕೇಳಿ ಒಂದು ತಲೆಮಾರೇ ಉಳಿ ಹಿಡಿಯಿತು. ಅವನು ಕೆತ್ತಿದ್ದು ಅಗ್ಗಕ್ಕೆ ಕೊಂಡ ಬಿಡಿ ಒಡಲನ್ನು ಎಂಬುದನ್ನು ಮಾತ್ರ ಹಲವರು ಮರೆತರು.

ಬೆಸುಗೆ ಹಾಕಿದ್ದನ್ನು ಬಿಚ್ಚಬಹುದು. ಕೊರೆದ ಮರವನ್ನು ಕೂಡಿಸಲಾಗದು. ಒಂಟಿ ಸುರುಳಿಯ ಅಳತೆಯಲ್ಲೇ ಎರಡು ಸುರುಳಿಗಳನ್ನು ಅಡಕಿಸಿದ ಹಂಬಕರುಗಳು ದೊರೆಯುವುದರಿಂದ ಉಳಿ ಎತ್ತುವ ಅಗತ್ಯ ಈಗ ಬಹಳ ಕಡಿಮೆ. ನಮ್ಮ ತರುಣನ ಮೊದಲೆರಡು ದೂರುಗಳು ತಂತಿ, ತಿರುಪು, ಪ್ಲಗ್ಗುಗಳಲ್ಲಿ ಬಹುಪಾಲು ತೀರಿದವು. ಬಿರುಸಿನ ಆಸೆ ನಿಜವಾದದ್ದು, ಅದು ಉಳಿಯಿತು. ಮೂರು ಪಿಕಪ್ಪುಗಳಲ್ಲಿ ಕುದುರೆಯ ಬಳಿಯದೊಂದನ್ನು ಮಾತ್ರ ಬದಲಿಸಿಕೊಂಡ, ಉಳಿದೆರಡನ್ನು ಮುಟ್ಟಲಿಲ್ಲ. ಕೂಡಿಟ್ಟ ಹಣದಲ್ಲಿ ಹೆಚ್ಚಿನ ಭಾಗ ಮನೆಯಲ್ಲೇ ಉಳಿಯಿತು.

ಬದಲಿಸಲು ಹೊರಟವರಿಗೆ ನನ್ನ ಬಿನ್ನಹ ಇಷ್ಟೆ. ಮೊದಲು ಹಳೆಯ ದನಿಯನ್ನು ಧ್ವನಿಮುದ್ರಿಸಿಕೊಳ್ಳಿ. ಅದೇ ಕೋಣೆಯಲ್ಲಿ, ಅದೇ ಬಗೆಯ ಹೊಸ ತಂತಿಯಲ್ಲಿ, ಅದೇ ಗತ್ತನ್ನು ಬದಲಾವಣೆಯ ಬಳಿಕವೂ ನುಡಿಸಿ ಹೋಲಿಸಿ. ಹಣ ತೆತ್ತ ಕಿವಿ ಹೊಸತನ್ನು ಹೊಗಳಲು ಆತುರಪಡುತ್ತದೆ. ಸಾಕ್ಷ್ಯವಿದ್ದರೆ ಅದು ಸುಳ್ಳಾಡಲಾರದು. ಕಳಚಿದ ಪಿಕಪ್ಪನ್ನು ಬಿಸಾಡಬೇಡಿ. ಎಲ್ಲಿಂದ ತೆಗೆದದ್ದು, ಯಾವ ಬಣ್ಣದ ತಂತಿ ಎಲ್ಲಿಗೆ ಸೇರಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಒಳ್ಳೆಯ ಸಂಪಾದಕನು ಪಾಠವನ್ನು ತಿದ್ದಿದಾಗಲೂ ಓಲೆಯ ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಮುಂದೆ ಓದುವವನು ತನಗಿಂತ ಚೆನ್ನಾಗಿ ಓದಿಯಾನು ಎಂಬ ವಿನಯ ಅದು. ಆ ಗಿಟಾರನ್ನು ಮುಂದೆ ಹಿಡಿಯುವ ಕೈಗೂ ಅಷ್ಟು ಮರ್ಯಾದೆ ಸಲ್ಲಬೇಕು.