ಮಗಳು ರೇಜರ್ ಕೇಳಿದಾಗ

ಐದನೆಯದೋ ಆರನೆಯದೋ ತರಗತಿಯ ಹುಡುಗಿ ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯನ್ನೇ ಹಾಕಿಕೊಳ್ಳತೊಡಗಿದರೆ, ಏನಾದರೊಂದು ನೆವ ಹೇಳಿ ಈಜು ತರಗತಿ ತಪ್ಪಿಸಿದರೆ, ಮನೆಯವರು ಅದನ್ನು ಹಟ ಎಂದುಕೊಳ್ಳುವುದೇ ಹೆಚ್ಚು. ಕೈಕಾಲಿನ ಕೂದಲ ಬಗ್ಗೆ ಸಹಪಾಠಿಗಳು ಆಡಿಕೊಂಡ ಮಾತು ಅದರ ಹಿಂದಿರಬಹುದು. ಮುಟ್ಟಿನ ಬಗ್ಗೆ ಈಗ ಶಾಲೆಗಳಲ್ಲೇ ಮಾತಾಡುತ್ತಾರೆ. ಪ್ಯಾಡ್ ಹಂಚಲು ಕರ್ನಾಟಕ ಸರ್ಕಾರದ ‘ಶುಚಿ’ ಯೋಜನೆಯೇ ಇದೆ. ಕೂದಲ ಮಾತು ಬಂದರೆ ಮಾತ್ರ ‘ಈ ವಯಸ್ಸಿಗೇ ಇದೆಲ್ಲ ಯಾಕೆ’ ಎಂದು ಬಾಯಿ ಮುಚ್ಚಿಸುತ್ತೇವೆ. ಕೂದಲು ತೆಗೆಯಬೇಕೋ ಬೇಡವೋ ಎಂಬ ತೀರ್ಮಾನ ಹುಡುಗಿಯದಾಗಿರಲಿ; ತೆಗೆಯುತ್ತೇನೆ ಎಂದರೆ ಗಾಯವಾಗದಂತೆ ತೆಗೆಯುವುದನ್ನು ಕಲಿಸುವುದು ಹೆತ್ತವರ ಹೊಣೆ ಎಂಬುದು ನನ್ನ ವಾದ.

ವಯಸ್ಸಿನ ಆಕ್ಷೇಪಕ್ಕೆ ದೇಹವೇ ಉತ್ತರ ಕೊಡುತ್ತದೆ. ಹೆಣ್ಣುಮಕ್ಕಳು ಮೈನೆರೆಯುವ ಮೊದಲ ಲಕ್ಷಣಗಳು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಆಂಡ್ರೋಜನ್ ಹಾರ್ಮೋನುಗಳನ್ನು ಹೆಚ್ಚು ಸ್ರವಿಸತೊಡಗಿದಾಗ ಕಂಕುಳಲ್ಲಿ ಕೂದಲು, ಬೆವರಿನ ವಾಸನೆ ಎರಡೂ ಬರುತ್ತವೆ. ಎಷ್ಟೋ ಮಕ್ಕಳಲ್ಲಿ ಇದು ಮುಟ್ಟಿಗೂ ಮೊದಲೇ. 8 ತುಂಬುವ ಮುನ್ನವೇ ಹೀಗಾದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮುಂದೆ ಗಲ್ಲ, ಎದೆಯ ಮೇಲೆ ಒರಟು ಕೂದಲು ಬಂದು ಮುಟ್ಟೂ ಏರುಪೇರಾದರೆ ಅದು ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಆಗ ಹೋಗಬೇಕಾದ್ದು ಪಾರ್ಲರಿಗಲ್ಲ, ಆಸ್ಪತ್ರೆಗೆ.

‘ಒಮ್ಮೆ ಬೋಳಿಸಿದರೆ ದಪ್ಪಗೆ ಬೆಳೆಯುತ್ತದೆ’ ಎಂಬುದು ಅಜ್ಜಿಯಂದಿರಿಂದ ಬಂದ ಭಯ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದು ನಿಜವಲ್ಲ ಎಂದು ತೋರಿಸಿದರು. 1970ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಐವರು ಗಂಡಸರ ಒಂದು ಕಾಲನ್ನಷ್ಟೇ ವಾರವಾರ ತಿಂಗಳುಗಟ್ಟಲೆ ಬೋಳಿಸಿ ನೋಡಿದರು. ಎರಡು ಕಾಲುಗಳ ಕೂದಲ ದಪ್ಪದಲ್ಲಾಗಲಿ ಬೆಳವಣಿಗೆಯ ವೇಗದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬ್ಲೇಡ್ ತಾಗುವುದು ಚರ್ಮದ ಮೇಲಿನ ಕೂದಲಿಗೆ, ಬೇರಿಗಲ್ಲ. ಮೊನೆ ಮುರಿದ ಪೆನ್ಸಿಲ್ಲಿನಂತೆ ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೇ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಇದು ಮಗಳನ್ನು ಮಾರುಕಟ್ಟೆಗೆ ಒಪ್ಪಿಸಿದಂತಲ್ಲವೇ? ಜಿಲೆಟ್ ಕಂಪನಿ 1915ರಲ್ಲಿ ಹೆಂಗಸರಿಗೆಂದೇ ರೇಜರ್ ತಂದದ್ದು, ತೋಳಿಲ್ಲದ ಉಡುಪಿನ ಫ್ಯಾಷನ್ ಜೊತೆಗೆ ಜಾಹೀರಾತುಗಳು ಕಂಕುಳ ಕೂದಲನ್ನು ನಾಚಿಕೆಯ ಸಂಗತಿ ಮಾಡಿದ್ದು ನಿಜ. ಆದರೆ ಹೆಣ್ಣುಕೂಸಿನ ಮೈಗೆ ಕಡಲೆಹಿಟ್ಟು ತಿಕ್ಕಿ ರೋಮ ಉದುರಿಸುವ ನಮ್ಮ ಮನೆಗಳಿಗೆ ಈ ಕಳವಳವನ್ನು ಯಾವ ಕಂಪನಿಯೂ ಕಲಿಸಬೇಕಿರಲಿಲ್ಲ. ದೊಡ್ಡವರೇ ಗೆಲ್ಲಲಾಗದ ಈ ಒತ್ತಡದ ವಿರುದ್ಧ ಹನ್ನೊಂದರ ಹುಡುಗಿಯೊಬ್ಬಳೇ ಹೋರಾಡಲಿ ಎನ್ನುವುದು ನ್ಯಾಯವಲ್ಲ. ಕೂದಲಿರುವುದು ಕೊಳಕಲ್ಲ, ಅದನ್ನು ತೆಗೆಯಲೇಬೇಕೆಂದಿಲ್ಲ ಎಂದು ಹೇಳೋಣ. ಆಮೇಲೂ ಕೇಳಿದರೆ ಬೇಡ ಎನ್ನದಿರೋಣ. ಮಗಳು ಕೇಳದೆಯೇ ವ್ಯಾಕ್ಸಿಂಗಿಗೆ ಎಳೆದೊಯ್ಯುವುದೂ ಅಷ್ಟೇ ತಪ್ಪು.

ಗುಟ್ಟಾಗಿ ಅಪ್ಪನ ಹಳೆಯ ರೇಜರನ್ನು ಒಣಚರ್ಮದ ಮೇಲೆ ಎಳೆದುಕೊಳ್ಳುವ ಹುಡುಗಿಗೆ ಗಾಯ, ಉರಿ, ಸೋಂಕು ಖಚಿತವೆಂಬಂತೆ ಕಾದಿರುತ್ತವೆ. ಅವಳದೇ ಆದ ರೇಜರ್ ಇರಲಿ. ಸ್ನಾನದ ಕೊನೆಯಲ್ಲಿ, ಬೆಚ್ಚನೆಯ ನೀರಿಗೆ ಕೂದಲು ಮೆತ್ತಗಾದ ಮೇಲೆ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಒತ್ತದೆ ಎಳೆಯಬೇಕು. ಮೊಣಕಾಲು ಚಿಪ್ಪಿನ ಹತ್ತಿರ ಕಾಲನ್ನು ತುಸು ಮಡಿಸಿದರೆ ಚರ್ಮ ಬಿಗಿಯಾಗಿ ಗೀರು ಬೀಳುವುದಿಲ್ಲ. ಐದಾರು ಸಲಕ್ಕೊಮ್ಮೆ ಬ್ಲೇಡ್ ಬದಲಿಸಬೇಕು, ರೇಜರನ್ನು ಒಣಗಿಸಿಡಬೇಕು. ಗುಪ್ತಾಂಗದ ಕೂದಲು ಅಲ್ಲಿನ ಚರ್ಮಕ್ಕೆ ರಕ್ಷಣೆ. ಅದನ್ನು ತೆಗೆಯುವುದರಿಂದ ಆರೋಗ್ಯಕ್ಕೇನೂ ಲಾಭವಿಲ್ಲ. ಇಷ್ಟೆಲ್ಲ ಕಲಿಸುವಾಗ, ಬೇಸರವಾದ ದಿನ ನಿಲ್ಲಿಸಿಬಿಡಬಹುದು ಎಂಬುದನ್ನೂ ಹೇಳಿಕೊಡಬೇಕು. ನಿಲ್ಲಿಸಿದಾಗ ಮನೆಯಲ್ಲಿ ಯಾರೂ ಅವಳ ಕಾಲನ್ನು ದಿಟ್ಟಿಸಿ ನೋಡದಿದ್ದರೆ ಮಾತ್ರ ತೀರ್ಮಾನ ಅವಳದು ಎಂದ ನಮ್ಮ ಮಾತಿಗೆ ಬೆಲೆ.